ಊರ ಸುದ್ದಿಯನ್ನು ಓದುವ ಬಗೆ



ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಹೆಚ್ಚಿನವರು ಮೊದಲು ಕನ್ನಡ ಪತ್ರಿಕೆಯನ್ನೇ ಕೈಗೆತ್ತಿಕೊಳ್ಳುತ್ತಾರೆ. ಅದು ಸಹಜವೇ. ಆದರೆ ಮಂಗಳೂರಿನ ಮಳೆ, ಧಾರವಾಡದ ಸಭೆ ಇವುಗಳ ಸುದ್ದಿ ಅಲ್ಲಿ ಸಿಕ್ಕಷ್ಟು ಡೊಂಬಿವಲಿಯ ನಳದ ಸುದ್ದಿ ಸಿಕ್ಕದು. ನಾಳೆ ನೀರು ಬರುವುದೇ, ಭಾನುವಾರ ಗಾಡಿ ಓಡುವುದೇ ಎಂಬುದಕ್ಕೆ ಮರಾಠಿ ಪತ್ರಿಕೆಯನ್ನೇ ನೋಡಬೇಕು. ದೇವನಾಗರಿ ಓದಬಲ್ಲವರಿಗೂ ಅಲ್ಲಿ ಕೆಲವು ಶಬ್ದಗಳು ಮೋಸಮಾಡುತ್ತವೆ. ಆ ಕಾರಣದಿಂದ ಈ ಪಾಠ.

‘ವೀಜ ಪುರವಠಾ ಖಂಡಿತ’ ಎಂದು ಬರೆದಿರುತ್ತದೆ. ನಮ್ಮಲ್ಲಿ ಖಂಡಿತವೆಂದರೆ ನಿಶ್ಚಯ. ಹೊಸದಾಗಿ ಬಂದವರು ದೀಪ ಖಂಡಿತವಾಗಿ ಇರುತ್ತದೆಂದು ನೆಮ್ಮದಿಯಿಂದ ಮನೆಗೆ ಹೋದಾರು! ಮರಾಠಿಯಲ್ಲಿ ಅದರ ಅರ್ಥ ಕಡಿದುಹೋದದ್ದು, ಅಂದರೆ ವಿದ್ಯುತ್ತು ನಿಂತಿದೆ ಎಂದು. ಹಾಗೆಯೇ ‘ಜಲದ ಲೋಕಲ್’ ಎಂಬುದು ನೀರಿನ ಗಾಡಿಯಲ್ಲ, ಬೇಗ ಓಡುವ ಗಾಡಿ. ‘ಧೀಮೀ’ ಎಂದರೆ ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವುದು. ‘ತಕ್ರಾರ’ ನಮ್ಮ ತಕರಾರಿನಂತೆ ಜಗಳವಲ್ಲ, ದೂರು. ಕಚೇರಿಯಲ್ಲಿ ‘ತಕ್ರಾರ ಆಹೇ ಕಾ’ ಎಂದು ಕೇಳಿದರೆ ಯಾರೂ ಮುನಿಸಿಕೊಳ್ಳಬೇಕಾಗಿಲ್ಲ.

ಭಾನುವಾರದ ಮೆಗಾಬ್ಲಾಕ್ ಪ್ರಕಟಣೆಯಲ್ಲಿ ಯಾವ ಮಾರ್ಗ ಎಂಬ ಒಂದು ಶಬ್ದದ ಮೇಲೆ ದಿನವೇ ನಿಂತಿದೆ. ಠಾಣೆ-ಕಲ್ಯಾಣ ನಡುವೆ ಧೀಮೇ ಮಾರ್ಗದಲ್ಲಿ ಕೆಲಸವಿದ್ದರೆ ಗಾಡಿಗಳನ್ನು ಜಲದ ಮಾರ್ಗಕ್ಕೆ ತಿರುಗಿಸುತ್ತಾರೆ. ಆಗ ಸಾಮಾನ್ಯವಾಗಿ ಕಳವಾ, ಮುಂಬ್ರಾ, ಕೋಪರ, ಠಾಕುರ್ಲಿಗಳಲ್ಲಿ ಅವು ನಿಲ್ಲುವುದಿಲ್ಲ. ಆ ದಿನ ಪರೀಕ್ಷೆಗೋ ಆಸ್ಪತ್ರೆಗೋ ಹೊರಟವರ ಗತಿ ಏನು?

ಇನ್ನು, ಪ್ರಕಟಣೆ ಹೊರಡಿಸಿದವರು ಯಾರು ಎಂಬುದನ್ನು ನೋಡಬೇಕು. ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆ 1983ರಲ್ಲಿ ಆಯಿತು. ಆದರೂ ಡೊಂಬಿವಲಿಯ ಎಂ.ಐ.ಡಿ.ಸಿ. ವಸತಿ ಭಾಗಕ್ಕೆ ನೀರು ಬರುವುದು ಆ ಮಂಡಳಿಯ ಬಾರವಿ ಅಣೆಕಟ್ಟಿನಿಂದ. ಪಾಲಿಕೆಯ ನೀರು ನಿಂತ ಸುದ್ದಿ ಓದಿ ಅಲ್ಲಿನವರು ಬಕೆಟ್ಟು ತುಂಬಿಸುವುದೂ, ತಮ್ಮದೇ ನಿಲ್ಲುವ ದಿನ ಸುಮ್ಮನಿರುವುದೂ ಇದೇ ಕಾರಣಕ್ಕೆ. ಖಾರಘರದವರು ನಾವು ನವಿ ಮುಂಬಯಿಯವರೆನ್ನುತ್ತಾರೆ. 2016ರಿಂದ ಅವರ ಪಾಲಿಕೆ ಪನವೇಲಿನದು. ಕಳವಾ-ಮುಂಬ್ರಾದಲ್ಲಿ ವಿದ್ಯುತ್ತಿನ ವಿತರಣೆ 2020ರಿಂದ ಟೊರೆಂಟ್ ಕಂಪನಿಯ ಕೈಯಲ್ಲಿದೆ, ಕಲ್ಯಾಣದಲ್ಲಿ ಮಹಾವಿತರಣದ್ದು. ಗಿರಣಿಯ ಕಾರಕೂನನಾದ ನನಗೆ ಒಂದು ಖಾತೆಯ ರಕಮನ್ನು ಇನ್ನೊಂದರಲ್ಲಿ ಬರೆಯುವುದು ಎಷ್ಟು ತೊಡಕೆಂದು ಗೊತ್ತು. ದೂರಿನದೂ ಅದೇ ಕತೆ.

ಹೆಸರೂ ತಾರೀಖೂ ಇಲ್ಲದ ಸುದ್ದಿಯನ್ನು ಮಾತ್ರ ಯಾರೂ ಮುಂದಕ್ಕೆ ದಾಟಿಸಬಾರದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಬಿತ್ತು; ಉಲ್ಹಾಸ ನದಿ ಉಕ್ಕಿ ಬದಲಾಪುರ, ಕಲ್ಯಾಣಗಳೂ ಮುಳುಗಿದವು. ಎರಡು ದಿನಗಳ ಮೇಲೆ, ಅಣೆಕಟ್ಟು ಒಡೆಯಿತು, ಸುನಾಮಿ ಬಂತು ಎಂಬ ಗಾಳಿಮಾತಿಗೆ ಹೆದರಿ ಮುಂಬಯಿಯ ಜುಹೂ ಬಳಿಯ ನೆಹರೂ ನಗರದಲ್ಲಿ ಜನ ಓಡಿದರು. ನೀರು ಬರಲೇ ಇಲ್ಲ. ನೂಕುನುಗ್ಗಲಿನಲ್ಲಿ ಹದಿನೈದಕ್ಕೂ ಮಿಕ್ಕಿ ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಆಗ ಗಾಳಿಮಾತು ಬಾಯಿಂದ ಬಾಯಿಗೆ ಹೋಗಬೇಕಿತ್ತು. ಈಗ ಬೆರಳು ತಾಗಿದರೆ ಸಾಕು.

ಕಡೆಗೆ ಪ್ರಶ್ನೆ ಕೇಳುವ ವಿಚಾರ. ‘ನಮ್ಮ ರಸ್ತೆ ಯಾವಾಗ ಸರಿಯಾದೀತು’ ಎಂದು ಕಟ್ಟೆಯ ಮೇಲೆ ಕೇಳಿದರೆ ಉತ್ತರ ಕೊಡುವವರು ಯಾರು? ಅದನ್ನೇ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಬರೆದು ಕೊಟ್ಟರೆ ಕಚೇರಿಯು 30 ದಿನಗಳೊಳಗೆ ಉತ್ತರಿಸಬೇಕು. ಶುಲ್ಕ 10 ರೂಪಾಯಿ. ‘ಯಾವಾಗ’ ಎಂದು ಕೇಳುವುದಕ್ಕಿಂತ ‘ಇಂಥ ರಸ್ತೆಯ ಕೆಲಸದ ಆದೇಶದ ಪ್ರತಿ ಕೊಡಿ’ ಎಂದು ಬರೆಯುವುದು ಮೇಲು, ಏಕೆಂದರೆ ಕಡತದಲ್ಲಿ ಇರುವುದನ್ನು ಅವರು ಕೊಡಬೇಕು, ಭವಿಷ್ಯ ಹೇಳಬೇಕಾಗಿಲ್ಲ. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಶಬ್ದಗಳು 150ರೊಳಗೆ. ಅರ್ಜಿ ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು. ಕನ್ನಡ ಇಲ್ಲಿ ನಡೆಯದು. ಮರಾಠಿ ಬರೆಯಬಲ್ಲ ತರುಣರು ವಾಚನಾಲಯದ ಹಿರಿಯರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತರೆ ಒಂದು ಅರ್ಜಿ ಆಗುತ್ತದೆ. ಅರ್ಜಿ ಕೊಟ್ಟಾಗ ತಾರೀಖಿನ ಸಿಕ್ಕೆ ಬಿದ್ದ ಪ್ರತಿಯನ್ನು ಕೇಳಿ ತೆಗೆದುಕೊಂಡು ಜೋಪಾನವಾಗಿಡಿ. ಉತ್ತರ ಬಾರದೆ ಮೇಲ್ಮನವಿ ಮಾಡುವಾಗ ಅದನ್ನೇ ತೋರಿಸಬೇಕಾಗುತ್ತದೆ.