ರಕ್ತ ಕೊಟ್ಟವರಿಗೆ ಉತ್ತರವೂ ಸಿಗಬೇಕು

ಹಂದನಕೆರೆ ಹೋಬಳಿಯ ತೋಟದ ಮನೆಗಳಲ್ಲಿ ಈಗ ಹೆಚ್ಚಾಗಿ ಉಳಿದಿರುವವರು ವಯಸ್ಸಾದವರೇ. ಮಕ್ಕಳು ಬೆಂಗಳೂರಿನಲ್ಲೋ ತುಮಕೂರಿನಲ್ಲೋ ಇದ್ದಾರೆ. ಹಬ್ಬಕ್ಕೆ, ಕಾಯಿ ಕೆಡವುವ ಕಾಲಕ್ಕೆ ಬಂದು ಹೋಗುತ್ತಾರೆ. ಹಿರಿಯರ ಆರೋಗ್ಯದ ಅಧ್ಯಯನವೊಂದರಲ್ಲಿ ಕ್ಷೇತ್ರ ಕಾರ್ಯಕರ್ತೆಯಾಗಿ ನಾನು ಈ ಮನೆಗಳಿಗೆ ಓಡಾಡಿದ್ದೇನೆ. ಬಿಪಿ ನೋಡುವುದು, ರಕ್ತ ತೆಗೆಯುವುದು, ಕೈ ಹಿಡಿತದ ಬಲ ಅಳೆಯುವುದು, ನೆನಪಿನ ಪ್ರಶ್ನೆ ಕೇಳುವುದು ನಮ್ಮ ಕೆಲಸ. ಆಮೇಲೆ ಫಲಿತಾಂಶ ಹಿಡಿದು ಅದೇ ಮನೆಗಳಿಗೆ ಮತ್ತೆ ಹೋದೆವು. ನಾನು ಹೆಚ್ಚು ಕಲಿತದ್ದು ಆ ಎರಡನೇ ಸುತ್ತಿನಲ್ಲಿ.

“ಹಿಂದೇನೂ ಯಾರೋ ಬಂದು ರಕ್ತ ತಗೊಂಡೋಗಿದ್ರು ಕಣವ್ವ. ಏನಾಯ್ತು ಅಂತ ಒಬ್ರೂ ತಿರುಗಿ ಬಂದು ಹೇಳ್ಲಿಲ್ಲ” ಎಂದು ಹಲವರು ಹೇಳಿದರು. ಆ ಮಾತಿನಲ್ಲಿ ನ್ಯಾಯವಿದೆ. 1964ರಲ್ಲಿ ವಿಶ್ವ ವೈದ್ಯಕೀಯ ಸಂಘ ಅಂಗೀಕರಿಸಿದ ಹೆಲ್ಸಿಂಕಿ ಘೋಷಣೆ 2013ರಲ್ಲಿ ಪರಿಷ್ಕಾರಗೊಂಡಾಗ, ಸಂಶೋಧನೆಗೆ ಒಳಪಟ್ಟ ಪ್ರತಿಯೊಬ್ಬರಿಗೂ ಅದರ ಒಟ್ಟು ಫಲಿತಾಂಶ ತಿಳಿಯುವ ಅವಕಾಶ ಇರಬೇಕು ಎಂದು ಹೇಳಿತು. ಒಂದೇ ಸಲಕ್ಕೆ ಮುಗಿಯದ ಅಧ್ಯಯನಗಳಿಗಂತೂ ಇದು ಇನ್ನೂ ಮುಖ್ಯ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸೆಂಟರ್ ಫಾರ್ ಬ್ರೇನ್ ರಿಸರ್ಚ್, 45 ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವ ಗುರಿಯಿಟ್ಟುಕೊಂಡು 2018ರಲ್ಲಿ ಅಧ್ಯಯನ ಆರಂಭಿಸಿತು. ಇಂಥ ಕೆಲಸವೆಲ್ಲ ನಿಂತಿರುವುದು ಹಿರಿಯರು ಮತ್ತೆ ಮತ್ತೆ ತೋಳು ಚಾಚುವ ನಂಬಿಕೆಯ ಮೇಲೆ.

ಫಲಿತಾಂಶ ಹೇಳುವ ಮೊದಲು, ಅದು ಬೇಕೇ ಎಂದು ಕೇಳಬೇಕು. “ಗೊತ್ತಾದ್ರೆ ಅನ್ನ ಸೇರಲ್ಲ, ಬ್ಯಾಡ” ಎನ್ನುವವರೂ ಇದ್ದಾರೆ; ಹಾಗೆನ್ನುವ ಹಕ್ಕು ಅವರಿಗಿದೆ. ತೀರಾ ಏರಿದ ಬಿಪಿಯಂಥ ತುರ್ತು ಸಂಗತಿ ಮಾತ್ರ ಬೇರೆ. ಅದನ್ನು ಅಳೆದ ದಿನವೇ ಹೇಳಿ ಆಸ್ಪತ್ರೆಗೆ ಕಳಿಸಬೇಕು, ವರದಿ ಬರಲೆಂದು ಕಾಯುವಂತಿಲ್ಲ. ಯಾರ ಮುಂದೆ ಹೇಳಬೇಕು ಎನ್ನುವುದನ್ನೂ ಅವರನ್ನೇ ಕೇಳಬೇಕು. ನಾವು ಕೂತರೆ ಪಕ್ಕದ ಮನೆಯವರೂ ಬಂದು ಕೂರುತ್ತಾರೆ. ಬೆಂಗಳೂರಿನಿಂದ ಮಗ ಫೋನ್ ಮಾಡಿ, “ಅಮ್ಮನ ರಿಪೋರ್ಟ್ ವಾಟ್ಸ್‌ಆ್ಯಪ್ ಮಾಡಿ ಮೇಡಂ” ಎನ್ನುತ್ತಾನೆ. ಅವನ ಕಾಳಜಿ ನಿಜವಾದದ್ದೇ. ಆದರೂ ರಿಪೋರ್ಟ್ ಅಮ್ಮನದು, ಅವರು ಹೂಂ ಎಂದ ಮೇಲೆಯೇ ಅದು ಬೇರೆಯವರ ಕೈಗೆ ಹೋಗಬೇಕು.

ಹೇಳುವ ರೀತಿಯನ್ನು ಹಿರಿಯರ ಕಿವಿ, ಕಣ್ಣು ತೀರ್ಮಾನಿಸುತ್ತವೆ. ವಯಸ್ಸಾದಂತೆ ಮೊದಲು ಮಸುಕಾಗುವುದು ಸ, ಶ, ತ ಥರದ ತೆಳು ಸದ್ದುಗಳು. ಹಾಗಾಗಿ ಕೂಗಿದರೆ ಗದ್ದಲ ಹೆಚ್ಚುತ್ತದೆಯೇ ಹೊರತು ಮಾತು ತಿಳಿಯುವುದಿಲ್ಲ. ಟಿವಿ ಆರಿಸಿ, ಬೆಳಕು ನಮ್ಮ ಮುಖದ ಮೇಲೆ ಬೀಳುವಂತೆ ಎದುರಿಗೆ ಕೂತು, ನಿಧಾನವಾಗಿ ಹೇಳಬೇಕು. ಕೊಡುವ ಕಾಗದ ಒಂದೇ ಹಾಳೆ ಇರಲಿ, ಅಕ್ಷರ ದೊಡ್ಡದಿರಲಿ. ಏನು ನೋಡಿದೆವು, ಏನು ಕಂಡಿತು, ಮುಂದೇನು ಮಾಡಬೇಕು ಎಂಬ ಮೂರೇ ಭಾಗ ಸಾಕು. ಓದಿ ಹೇಳಿದ ಮೇಲೆ “ಅರ್ಥ ಆಯ್ತಾ?” ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. “ಮಗಳು ಕೇಳಿದ್ರೆ ಇದನ್ನ ಹೆಂಗೆ ಹೇಳ್ತೀರಜ್ಜಿ?” ಎಂದು ಕೇಳಿದಾಗಲೇ ಎಷ್ಟು ತಲುಪಿದೆ, ಎಲ್ಲಿ ತಪ್ಪಿದೆ ಎಂಬುದು ತಿಳಿಯುವುದು.

ಶೇಕಡಾ ಲೆಕ್ಕ ಜಗಲಿಯ ಮೇಲೆ ನಡೆಯುವುದಿಲ್ಲ. 2017–18ರಲ್ಲಿ ದೇಶಾದ್ಯಂತ 45 ದಾಟಿದವರು, ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ ‘ಲಾಸಿ’ ಸಮೀಕ್ಷೆಯ ಪ್ರಕಾರ, 60 ದಾಟಿದವರಲ್ಲಿ ಸುಮಾರು ಮೂವರಿಗೆ ಒಬ್ಬರಲ್ಲಿ ವೈದ್ಯರು ಬಿಪಿ ಗುರುತಿಸಿದ್ದಾರೆ. ಇದನ್ನು ವಿವರಿಸಲು ಅಂಗಳದಲ್ಲಿದ್ದ ಒಂಬತ್ತು ಕಾಯಿ ಸಾಲಾಗಿಟ್ಟು, ಮೂರನ್ನು ಪಕ್ಕಕ್ಕೆ ಸರಿಸಿದೆ. ಎಲ್ಲರಿಗೂ ತಿಳಿಯಿತು. ಆಗ ಒಬ್ಬ ಅಜ್ಜಿ ಕೇಳಿದರು: “ಇದ್ರಲ್ಲಿ ನನ್ ಕಾಯಿ ಯಾವ್ದವ್ವ?”

ಊರಿನ ಲೆಕ್ಕ ಬೇರೆ, ನನ್ನ ಮೈಯ ಲೆಕ್ಕ ಬೇರೆ ಎಂದು ಆ ಪ್ರಶ್ನೆ ಒಂದೇ ಏಟಿಗೆ ಹೇಳಿಬಿಟ್ಟಿತು. ಅಧ್ಯಯನದ ಒಟ್ಟು ಫಲಿತಾಂಶವನ್ನು ಹತ್ತು ಜನರ ನಡುವೆ ಹೇಳಬಹುದು. ಒಬ್ಬರ ಫಲಿತಾಂಶವನ್ನು ಅವರ ಮನೆಯೊಳಗೇ ಹೇಳಬೇಕು, ಅದರ ಮಿತಿಯನ್ನೂ ಸೇರಿಸಿ. ಒಂದು ಸಲ 140/90 ದಾಟಿದ ಮಾತ್ರಕ್ಕೆ ಬಿಪಿ ಕಾಯಿಲೆ ಎಂದು ಮುದ್ರೆ ಒತ್ತಲಾಗದು; ಬೇರೆ ದಿನ ಮತ್ತೆ ನೋಡಿಸಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ನೆನಪಿನ ಫಲಿತಾಂಶ. ಅಂಕ ಕಡಿಮೆ ಬರಲು ಮಂದವಾದ ಕಿವಿ, ಪೊರೆ ಬಂದ ಕಣ್ಣು, ಶಾಲೆಯ ಮುಖ ಕಾಣದ ಬಾಲ್ಯ, ಮನಸ್ಸಿನ ಬೇಸರ, ಥೈರಾಯ್ಡ್, ಬಿ12 ಕೊರತೆ ಇವೆಲ್ಲ ಕಾರಣವಾಗಬಹುದು. ಓದು ಬಾರದವರಿಗೆ ಹೊಂದುವ ನೆನಪಿನ ಪರೀಕ್ಷೆಯನ್ನು ಹರಿಯಾಣದ ಬಲ್ಲಭಗಢದಲ್ಲಿ ಸಂಶೋಧಕರು 1990ರ ದಶಕದಲ್ಲಿ ಹೊಸದಾಗಿ ರೂಪಿಸಿದ್ದು ಅದಕ್ಕೇ. ಅಂಕ ಒಂದನ್ನೇ ಹೇಳಿ ಎದ್ದು ಬಂದರೆ “ಅಜ್ಜಿಗೆ ಅರಳು ಮರಳು” ಎಂಬ ಮಾತು ಊರೆಲ್ಲ ಹಬ್ಬುತ್ತದೆ. ನಾಳೆಯಿಂದ ಆಕೆಯ ಮಾತಿಗೆ ಮನೆಯಲ್ಲಿ ಬೆಲೆ ಇರುವುದಿಲ್ಲ. “ಇನ್ನೊಮ್ಮೆ ಡಾಕ್ಟರು ನೋಡಬೇಕು, ಸರಿಮಾಡಬಹುದಾದ ಕಾರಣಗಳೂ ಇರುತ್ತವೆ” ಎಂದು ಹೇಳಿ, ಎಲ್ಲಿಗೆ ಹೋಗಬೇಕೆಂದು ತಿಳಿಸುವುದು ನಮ್ಮ ಹೊಣೆ. ಯಾವ ಆಸ್ಪತ್ರೆ, ಯಾವ ವಾರ, ಯಾವ ಬಸ್ಸು, ಮಾತ್ರೆ ಎಲ್ಲಿ ಸಿಗುತ್ತದೆ ಎಂದು ಹೇಳದಿದ್ದರೆ ಫಲಿತಾಂಶ ಬರೀ ಭಯವಾಗಿ ಉಳಿಯುತ್ತದೆ.

ನಮ್ಮ ಸೀಮೆಯಲ್ಲಿ ತಪ್ಪದ ಇನ್ನೊಂದು ಪ್ರಶ್ನೆ: “ಕಾಯಿ ತಿನ್ನದು ಬಿಡಬೇಕಾ?” ತೆಂಗನ್ನೇ ನಂಬಿದವರ ಈ ಪ್ರಶ್ನೆಗೆ ಊಹೆಯ ಉತ್ತರ ಕೊಡಬಾರದು. ನಮ್ಮ ಅಧ್ಯಯನ ಅದನ್ನು ಪರೀಕ್ಷಿಸಿರಲಿಲ್ಲ. ಹಾಗೆಂದೇ ಹೇಳಿ, ಅವರ ರಕ್ತದ ಕೊಬ್ಬಿನ ಮಟ್ಟ ನೋಡಿ ವೈದ್ಯರೇ ಹೇಳಲಿ ಎಂದೆ. ಅಷ್ಟು ಪ್ರಾಮಾಣಿಕವಾಗಿ ಹೇಳಿದ ಮೇಲೆ ಅವರು ನಮ್ಮ ಉಳಿದ ಮಾತನ್ನು ಹೆಚ್ಚು ನಂಬಿದರು.

ಅಧ್ಯಯನ ಯೋಜಿಸುವವರಿಗೆ ನನ್ನ ಕೋರಿಕೆ ಇಷ್ಟೇ: ಮನೆಗೆ ಮರಳಿ ಹೋಗುವ ಖರ್ಚು, ದಿನ, ಜನ ಮೊದಲ ದಿನದ ಯೋಜನೆಯಲ್ಲೇ ಇರಲಿ, ಕೊನೆಗೆ ಹಣ ಮಿಕ್ಕರೆ ನೋಡೋಣ ಎನ್ನುವ ಕೆಲಸ ಇದಲ್ಲ. ಊರಲ್ಲಿ ತಂದೆ ತಾಯಿಯನ್ನು ಬಿಟ್ಟು ಬಂದಿರುವ ಮಕ್ಕಳಿಗೂ ಒಂದು ಮಾತು. ಯಾರಾದರೂ ಒಪ್ಪಿಗೆ ಪತ್ರ ಹಿಡಿದು ಅವರ ಮನೆಗೆ ಬಂದರೆ, ಸಹಿಗೋ ಹೆಬ್ಬೆಟ್ಟಿಗೋ ಮುನ್ನ ಒಂದು ಪ್ರಶ್ನೆ ಕೇಳಲು ಅವರಿಗೆ ಹೇಳಿಕೊಡಿ: “ಫಲಿತಾಂಶ ಹೇಳೋಕೆ ಯಾವಾಗ ಬರ್ತೀರಿ?” ಇದಕ್ಕೆ ನೇರ ಉತ್ತರ ಕೊಡಬಲ್ಲವರಿಗೆ ಮಾತ್ರ ಅವರ ರಕ್ತ ಕೇಳುವ ಹಕ್ಕಿದೆ.