ಛಾಯಾಚಿತ್ರವೂ ಅದರ ಬೆನ್ನ ಬರಹವೂ

ಬೀದರಿನವರಿಗೆ ಛಾಯಾಚಿತ್ರದ ಮರ್ಮವನ್ನು ತಿಳಿಸಲು ದೂರದ ದೃಷ್ಟಾಂತ ಬೇಕಿಲ್ಲ. ನಮ್ಮ ಬಿದ್ರಿ ಕುಶಲಕರ್ಮಿಯು ಸತು-ತಾಮ್ರಗಳ ಮಿಶ್ರಲೋಹದಲ್ಲಿ ಬೆಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕೂಡಿಸಿದ ದ್ರಾವಣವನ್ನು ತಾಗಿಸುತ್ತಾನೆ. ಲೋಹ ಕಪ್ಪಾಗುತ್ತದೆ; ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಫಿಲ್ಮಿನಲ್ಲಿ ಇದಕ್ಕೆ ವಿಪರೀತ. ಬೆಳಕು ತಾಗಿದ ಬೆಳ್ಳಿಯ ಲವಣವು ಕತ್ತಲೆಕೋಣೆಯ ದ್ರಾವಣದಲ್ಲಿ ಕಪ್ಪು ಕಣಗಳಾಗುತ್ತದೆ. ತಾಗದೆ ಉಳಿದುದನ್ನು ಹೈಪೊ ಕರಗಿಸುತ್ತದೆ. ಆದುದರಿಂದಲೇ ನೆಗೆಟಿವ್‌ನಲ್ಲಿ ಬಿಳಿ ಅಂಗಿ ಕಪ್ಪಾಗಿ ಕಾಣುವುದು. ಇಂದಿನ ಮೊಬೈಲಿನಲ್ಲಿ ಬೆಳ್ಳಿಯಿಲ್ಲ, ಬೆಳಕನ್ನು ವಿದ್ಯುತ್ತಾಗಿಸುವ ಸಂವೇದಕವಿದೆ. ಆದರೂ ಎದುರಿಗಿದ್ದವರಿಂದ ಹೊರಟ ಬೆಳಕೇ ಚಿತ್ರವನ್ನು ಬರೆಯಬೇಕೆಂಬ ನಿಯಮ ಬದಲಾಗಿಲ್ಲ.

ಛಾಯಾಚಿತ್ರ, ಭಾವಚಿತ್ರ ಎಂಬ ಶಬ್ದಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುವುದುಂಟು. ಅದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಬಸವಣ್ಣನವರು ಹನ್ನೆರಡನೆಯ ಶತಮಾನದವರು. ಛಾಯಾಗ್ರಹಣದ ವಿಧಾನ ಪ್ಯಾರಿಸಿನಲ್ಲಿ ಪ್ರಕಟವಾದುದು 1839ರಲ್ಲಿ. ಶಾಲೆಯ ಗೋಡೆಯ ಮೇಲೆ ನಾವು ಗೌರವಿಸುವ ಅಣ್ಣನವರ ಚಿತ್ರವು ಕಲಾವಿದನ ಭಾವದಿಂದ ಮೂಡಿದುದು. ಅದು ನಿಜವಾಗಿಯೂ ಭಾವಚಿತ್ರ. ಭಾಲ್ಕಿ ಹಿರೇಮಠದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರ (1890–1999) ಛಾಯಾಚಿತ್ರದಲ್ಲಾದರೋ ಅವರ ಮೈಮೇಲೆ ಬಿದ್ದ ಬೆಳಕೇ ಗುರುತುಳಿಸಿದೆ. ಗೌರವಕ್ಕೆ ಎರಡೂ ಸಲ್ಲುತ್ತವೆ. ಇತಿಹಾಸದ ಸಾಕ್ಷಿಗೆ ಎರಡನೆಯದೇ ಬೇಕು.

ಆದರೆ ಈ ಸಾಕ್ಷಿ ಮೂಕಸಾಕ್ಷಿ. ನಿಜಾಮರ ಕಾಲದಲ್ಲಿ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದುದನ್ನು ಈ ಸೀಮೆಯಲ್ಲಿ ಅರಿಯದವರಾರು? ಅಂದು ಯಾರಾದರೂ ಬೀದಿಯಲ್ಲಿ ನಿಂತು ಆ ಶಾಲೆಯ ಚಿತ್ರ ತೆಗೆದಿದ್ದರೆ ಅದರಲ್ಲಿ ಉರ್ದು ಫಲಕವೊಂದೇ ಕಾಣುತ್ತಿತ್ತು. ಚಿತ್ರ ಸುಳ್ಳಾಗುತ್ತಿರಲಿಲ್ಲ, ಆದರೆ ನೋಡಿದವರು ಮೋಸಹೋಗುತ್ತಿದ್ದರು. ಒಳಗೆ ನಡೆದುದನ್ನು ಹೇಳಲು ಅದರ ಬೆನ್ನಿಗೆ ಎರಡು ಸಾಲು ಬರಹ ಬೇಕಾಗುತ್ತಿತ್ತು. ಗುಲಾಂ ಯಜ್ದಾನಿಯವರು 1947ರಲ್ಲಿ ಹೊರತಂದ ಬೀದರಿನ ಸ್ಮಾರಕಗಳ ಗ್ರಂಥವು ಇಂದಿಗೂ ಉಪಯುಕ್ತವಾಗಿರುವುದಕ್ಕೆ ಅದರ ಚಿತ್ರಗಳಷ್ಟೇ, ಅವುಗಳೊಡನಿರುವ ಹೆಸರು-ವಿವರಗಳೂ ಕಾರಣ.

ಈ ಸಂಚಿಕೆಗಾಗಿ ಹಳೆಯ ಸಮೂಹಚಿತ್ರಗಳನ್ನು ತೆರೆದಾಗ ಒಂದರ ಹಿಂಬದಿ ಸಂಪೂರ್ಣ ಖಾಲಿ. ನಾಲ್ಕು ಸಾಲು ಮಕ್ಕಳು, ನಡುವೆ ಕುಳಿತ ಗುರುಗಳು, ವರ್ಷವಿಲ್ಲ, ಹೆಸರಿಲ್ಲ. ಹಿರಿಯ ವಿದ್ಯಾರ್ಥಿಯೊಬ್ಬರು ಬಹಳ ಹೊತ್ತು ದಿಟ್ಟಿಸಿ ಮೂವರನ್ನು ಮಾತ್ರ ಗುರುತಿಸಿದರು. ಗಾಂಧಿ ಗಂಜದಲ್ಲಿ ಗುರುತಿಲ್ಲದ ಚೀಲವೂ ಸಂಜೆಯೊಳಗೆ ಯಾರದೆಂದು ತಿಳಿಯುತ್ತದೆ. ಈ ಮಕ್ಕಳು ಯಾರೆಂದು ಹೇಳಬಲ್ಲವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.

ಆದಕಾರಣ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಸಮೂಹಚಿತ್ರವನ್ನು ಸಮನಾದ ನೆರಳಿನಲ್ಲಿ ತೆಗೆಸಿರಿ. ನೇರ ಬಿಸಿಲಿಗೆ ಮಕ್ಕಳು ಕಣ್ಣು ಮುಚ್ಚುತ್ತಾರೆ. ಸಾಲು ಚದುರುವ ಮುನ್ನವೇ ಎಡದಿಂದ ಬಲಕ್ಕೆ ಹೆಸರುಗಳನ್ನು ಬರೆದುಕೊಳ್ಳಿರಿ. ಜವಾನರ ಹೆಸರನ್ನೂ ಅಡುಗೆಯವರ ಹೆಸರನ್ನೂ ಬಿಡಬಾರದು. ಕಾಗದದ ಚಿತ್ರವಾದರೆ ಹಿಂಬದಿಯ ಅಂಚಿನಲ್ಲಿ ಮೆದು ಪೆನ್ಸಿಲಿನಿಂದ ಹಗುರಾಗಿ ಬರೆಯಬೇಕು. ಬಾಲ್‌ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ. ಮೊಬೈಲಿನ ಚಿತ್ರವಾದರೆ ಹೆಸರುಪಟ್ಟಿಯೊಡನೆ ಎರಡು ಕಡೆ ಪ್ರತಿಯಿರಲಿ. ಭಾಲ್ಕಿ, ಔರಾದ ಕಡೆಯ ಹಳೆಯ ವಿದ್ಯಾರ್ಥಿಗಳು ಮನೆಯ ಟ್ರಂಕಿನಲ್ಲಿರುವ ಶಾಲಾ ಚಿತ್ರಗಳನ್ನು ತಂದು ತೋರಿಸಿದರೆ ಪ್ರತಿ ಮಾಡಿಕೊಂಡು ಮೂಲವನ್ನು ಅಂದೇ ಹಿಂದಿರುಗಿಸುತ್ತೇವೆ. ಆ ನಾಲ್ಕು ಸಾಲಿನ ಚಿತ್ರವನ್ನು ಕಾರ್ಯಾಲಯದ ಮೇಜಿನ ಮೇಲೆ ಇರಿಸಲಾಗಿದೆ, ಪಕ್ಕದಲ್ಲಿ ಪೆನ್ಸಿಲೂ ಇದೆ.