ಕುದುರೆಮುಖಕ್ಕೆ ಹೊರಟ ಮಗಳಿಗೆ

ರಜೆಗೆ ಮನೆಮಂದಿಯೆಲ್ಲ ಕುದುರೆಮುಖಕ್ಕೆ ಬರುತ್ತೇವೆ, ನೀವೇ ಒಂದು ಪ್ಲಾನ್ ಹೇಳಿ ಚಿಕ್ಕಪ್ಪ ಅಂತ ಬರೆದಿದ್ದೀಯಲ್ಲ, ಓದಿ ತುಂಬಾ ಸಂತೋಷವಾಯಿತು ಮಗಳೇ. ಜೊತೆಗೆ ಕಳಿಸಿದ ಪಟ್ಟಿಯನ್ನೂ ನೋಡಿದೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಡುವುದು, ಶನಿವಾರ ಬೆಳಗ್ಗೆ ಕುದುರೆಮುಖದ ತುದಿ, ಸಂಜೆ ಹೊರನಾಡು, ಭಾನುವಾರ ಹನುಮನಗುಂಡಿ, ಶೃಂಗೇರಿ, ರಾತ್ರಿ ವಾಪಸ್. ಹೊರಡುವವರು ಯಾರ್‍ಯಾರು ಅಂತ ಒಮ್ಮೆ ಎಣಿಸಿಕೋ. ನೀನು, ಅಳಿಯಂದ್ರು, ಒಂಬತ್ತು ವರ್ಷದ ಮಗ, ನಾಲ್ಕು ತುಂಬದ ಮಗಳು, ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿಯುವ ನಿನ್ನಪ್ಪ, ಹೊತ್ತಿಗೆ ಸರಿಯಾಗಿ ಬಿಪಿ ಮಾತ್ರೆ ತಗೊಳ್ಳಬೇಕಾದ ಅತ್ತಿಗೆ. ಈ ಆರು ಜನರಲ್ಲಿ ನಿಮ್ಮಿಬ್ಬರಿಗೆ ಮಾತ್ರ ಈ ಪಟ್ಟಿ ಒಗ್ಗಬಹುದು. ಉಳಿದ ನಾಲ್ವರು ನಿಮ್ಮ ಹಿಂದೆ ಏದುಸಿರು ಬಿಡುತ್ತಾ ಬರಬೇಕಾಗುತ್ತದೆ.

ಅದಕ್ಕೇ ಮೊದಲನೆಯ ಮಾತು: ಎಲ್ಲರೂ ಸೇರಿ ತುದಿ ಹತ್ತುವ ಆಸೆ ಬಿಡು. ಮುಳ್ಳೋಡಿಯಿಂದ ಹೊರಟು ತುದಿ ಮುಟ್ಟಿ ಬರಲು ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರ್ ನಡೆಯಬೇಕು. ಎತ್ತರ 1,890 ಮೀಟರಿನ ಆಸುಪಾಸು. ದಾರಿಯಲ್ಲಿ ಹಳ್ಳಗಳನ್ನು ದಾಟಬೇಕು, ಮೇಲೆ ಹೋದಂತೆ ಹುಲ್ಲಿನ ನೆತ್ತಿಯಲ್ಲಿ ನೆರಳೇ ಇಲ್ಲ. ಗುಡ್ಡದ ಮೇಲೆ ರಾತ್ರಿ ಉಳಿಯಲು ಅವಕಾಶವಿಲ್ಲ, ಬೆಳಗ್ಗೆ ಹತ್ತಿದವರು ಸಂಜೆಯೊಳಗೆ ಇಳಿದಿರಲೇಬೇಕು. ಅಷ್ಟೇಕೆ, ಸಂಸೆ ಕಡೆಯಿಂದ ಮುಳ್ಳೋಡಿ ತಲುಪಲಿಕ್ಕೇ ಜೀಪು ಬೇಕು. ಆ ಕಲ್ಲು ಕೊರಕಲಿನಲ್ಲಿ ನಿಮ್ಮ ಕಾರು ಹೋಗುವುದಿಲ್ಲ, ಜೀಪಿನ ಕುಲುಕಾಟಕ್ಕೆ ಅಣ್ಣನ ಸೊಂಟ ಹತ್ತುವ ಮೊದಲೇ ಸೋತಿರುತ್ತದೆ.

ನಿಮ್ಮಿಬ್ಬರಿಗೆ ಹತ್ತಲೇಬೇಕು ಅಂತಿದ್ದರೆ ಒಂದು ದಿನ ಹೋಗಿ ಬನ್ನಿ. ಸಣ್ಣವಳು ನಮ್ಮನೆಯಲ್ಲಿ ಚಿಕ್ಕಮ್ಮನ ಜೊತೆ ಇರಲಿ. ದೊಡ್ಡವನನ್ನು ಕರೆದುಕೊಂಡು ಹೋಗು, ಆದರೆ ಅವನನ್ನು ತುದಿಗೆ ಎಳೆಯಬೇಡ. ನಡುದಾರಿಯಲ್ಲಿ ಒಂಟಿಮರ ಅಂತ ಒಂದು ಜಾಗವಿದೆ, ಆ ಬಯಲಿನಲ್ಲಿ ನಿಜವಾಗಿಯೂ ಒಂದೇ ಮರ. ಅಲ್ಲಿಗೆ ಹೋಗುವಷ್ಟರಲ್ಲಿ ಅವನು ಹಳ್ಳ ದಾಟಿರುತ್ತಾನೆ, ಕಣಿವೆ ಕಣಿವೆಗೂ ಅಡಗಿ ಕುಳಿತ ಶೋಲೆ ಕಾಡು ನೋಡಿರುತ್ತಾನೆ, ಎದೆಮಟ್ಟದ ಹುಲ್ಲಿನ ನಡುವೆ ನಡೆದಿರುತ್ತಾನೆ. ಅಲ್ಲಿಂದ ವಾಪಸ್ ಅಂದರೂ ಅವನಿಗೆ ಏನೂ ಕಡಿಮೆಯಾಗುವುದಿಲ್ಲ. ತುದಿಗೆ ಹೋಗುವವರು ಒಬ್ಬರು, ಮಗನ ಜೊತೆ ಇಳಿಯುವವರು ಒಬ್ಬರು ಅಂತ ಮನೆಯಲ್ಲೇ ಮಾತಾಡಿಕೊಳ್ಳಿ, ಅದನ್ನು ಗೈಡ್‌ಗೂ ಹೊರಡುವ ಮುಂಚೆಯೇ ಹೇಳಿ. ಗುಡ್ಡದ ಮೇಲೆ ನಿಂತು ಗಂಡ ಹೆಂಡತಿ ವಾದ ಮಾಡುವುದು ಬೇಡ.

ಟಿಕೆಟ್ ವಿಷಯದಲ್ಲಿ ಉದಾಸೀನ ಮಾಡಬೇಡ. ಮೊದಲೆಲ್ಲ ಬಂದವರು ಬಂದ ಹಾಗೆ ಹತ್ತುತ್ತಿದ್ದರು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಚಿತ್ರಗಳನ್ನು ನೀನೂ ನೋಡಿರುತ್ತೀ. ಅದಾದ ಮೇಲೆ ಅರಣ್ಯ ಇಲಾಖೆ ಚಾರಣಗಳನ್ನು ಆನ್‌ಲೈನ್ ಬುಕಿಂಗ್‌ಗೆ ತಂದಿತು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿತು. ಇದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ ಅಂತ ನನ್ನ ಅಭಿಪ್ರಾಯ. ಹಾಗಾಗಿ ಮೊದಲು ಟಿಕೆಟ್, ಆಮೇಲೆ ಜೀಪು, ಆಮೇಲೆ ಕೋಣೆ. ಟಿಕೆಟ್ಟಿನಲ್ಲಿರುವ ಹೆಸರಿಗೂ ಕೈಯಲ್ಲಿರುವ ಗುರುತಿನ ಚೀಟಿಗೂ ತಾಳೆಯಾಗಬೇಕು, ಮೂಲ ಪ್ರತಿಯನ್ನೇ ತನ್ನಿ. ಕ್ರಿಸ್‌ಮಸ್ ವಾರವನ್ನು ಬಿಟ್ಟುಬಿಡು. ಸೋಮವಾರದಿಂದ ಗುರುವಾರದೊಳಗೆ ಬಂದರೆ ಕಾಡಿನ ಸದ್ದು ಕಿವಿಗೆ ಬೀಳುತ್ತದೆ, ಶನಿವಾರ ಬಂದರೆ ಮುಂದಿನವರ ಸ್ಪೀಕರಿನ ಹಾಡು.

ಕಾಲದ ಲೆಕ್ಕ ನೀನು ಸರಿಯಾಗಿಯೇ ಹಾಕಿದ್ದೀ. ಮಳೆಗಾಲದಲ್ಲಿ ಇಲ್ಲಿನ ಗುಡ್ಡಗಳ ಮೇಲೆ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಸುರಿಯುತ್ತದೆ. ಆಗ ಹಸಿರು ಚೆನ್ನ, ಆದರೆ ಮಕ್ಕಳನ್ನೂ ಮುದುಕರನ್ನೂ ಕಟ್ಟಿಕೊಂಡು ಬರುವ ಹೊತ್ತಲ್ಲ. ಬೇಸಿಗೆ ಹತ್ತಿರವಾದರೆ ಹುಲ್ಲು ಒಣಗಿ ಬೆಂಕಿಯ ಭಯ, ಇಲಾಖೆ ಚಾರಣವನ್ನೇ ನಿಲ್ಲಿಸುತ್ತದೆ. ನವೆಂಬರ್ ಕೊನೆಯಿಂದ ಜನವರಿವರೆಗೆ ಆಕಾಶ ತಿಳಿಯಾಗಿರುತ್ತದೆ, ಹಳ್ಳದಲ್ಲಿ ನೀರೂ ಇರುತ್ತದೆ. ಬೆಳಗಿನ ಚಳಿಗೆ ಅತ್ತಿಗೆಗೆ ಒಂದು ಶಾಲು ಜಾಸ್ತಿಯೇ ಇರಲಿ.

ರಾತ್ರಿ ಪ್ರಯಾಣ ಖಂಡಿತ ಬೇಡ. ಬೆಂಗಳೂರಿನಿಂದ ಕಳಸಕ್ಕೆ ಮುನ್ನೂರು ಕಿಲೋಮೀಟರಿಗೂ ಮೇಲೆ, ಅದರಲ್ಲಿ ಕೊನೆಯ ಭಾಗವೆಲ್ಲ ತಿರುವು. ವಾರವಿಡೀ ಆಫೀಸಿನಲ್ಲಿ ಕೂತ ಅಳಿಯಂದ್ರು ರಾತ್ರಿಯೆಲ್ಲ ಕಾರು ಓಡಿಸಿ, ಬೆಳಗಿನ ಜಾವದ ಮಂಜಿನಲ್ಲಿ ಈ ತಿರುವುಗಳಿಗೆ ಬಂದು ಬೀಳುವುದನ್ನು ನೆನೆದರೆ ನನಗೆ ಹೆದರಿಕೆ. ಬೆಳಕಿಗೆ ಹೊರಡಿ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರುದೋಸೆ ತಿನ್ನಿ, ಅಣ್ಣ ಇಳಿದು ನಾಲ್ಕು ಹೆಜ್ಜೆ ಓಡಾಡಲಿ. ಸಣ್ಣವಳಿಗೆ ಮಾತ್ರ ಅಲ್ಲಿ ಹೊಟ್ಟೆ ತುಂಬಾ ತಿನ್ನಿಸಬೇಡ, ಒಂದು ದೋಸೆ ಸಾಕು. ಅಲ್ಲಿಂದ ಮುಂದೆ ಫೋನ್ ಕೊಟ್ಟು ಸುಮ್ಮನೆ ಕೂರಿಸುವುದೂ ಬೇಡ. ತಲೆ ತಗ್ಗಿಸಿ ಸ್ಕ್ರೀನ್ ನೋಡುವ ಮಗುವಿಗೆ ತಿರುವಿನಲ್ಲಿ ವಾಂತಿ ಬೇಗ ಬರುತ್ತದೆ. ಕಿಟಕಿ ಸ್ವಲ್ಪ ಇಳಿಸಿ ದೂರದ ಗುಡ್ಡ ತೋರಿಸು. ಎರಡು ಪ್ಲಾಸ್ಟಿಕ್ ಚೀಲ, ಒಂದು ಜೊತೆ ಬಟ್ಟೆ ಕೈಗೆ ಸಿಗುವ ಹಾಗೆ ಇಟ್ಟುಕೋ, ಡಿಕ್ಕಿಯಲ್ಲಿ ತುಂಬಿಸಬೇಡ.

ಬಂದ ದಿನ ಏನೂ ಇಲ್ಲ. ಮರುದಿನ ಕಳಸೇಶ್ವರನ ದರ್ಶನ, ಎಂಟೇ ಕಿಲೋಮೀಟರ್ ದೂರದ ಹೊರನಾಡಿನಲ್ಲಿ ಅಮ್ಮನವರ ಊಟ, ಮಧ್ಯಾಹ್ನ ನಿದ್ದೆ. ಅದರ ಮರುದಿನ ನಿಮ್ಮ ಗುಡ್ಡ. ಆಮೇಲೆ ಒಂದು ರಾತ್ರಿ ಭಗವತಿ ಪ್ರಕೃತಿ ಶಿಬಿರದಲ್ಲಿ ಎಲ್ಲರೂ ಒಟ್ಟಿಗೆ. ಶೃಂಗೇರಿಯನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ಭಗವತಿಯನ್ನು ಸೇರಿಸಿದ್ದು ನಿನ್ನಪ್ಪ ಅಮ್ಮನಿಗೋಸ್ಕರ. ರಾಷ್ಟ್ರೀಯ ಉದ್ಯಾನ ಅಂದರೆ ತುದಿಯೊಂದೇ ಅಂತ ಜನ ತಿಳಿದಿದ್ದಾರೆ. ಮೂರು ಜಿಲ್ಲೆಗೆ ಚಾಚಿಕೊಂಡ ಸುಮಾರು 600 ಚದರ ಕಿಲೋಮೀಟರ್ ಕಾಡಿನಲ್ಲಿ ತುದಿ ಎಷ್ಟರದ್ದು? ಶಿಬಿರದ ಪಕ್ಕದಲ್ಲೇ ಹಳ್ಳ ಹರಿಯುತ್ತದೆ. ಬೆಳಗ್ಗೆ ಅಲ್ಲಿ ಒಂದು ಕುರ್ಚಿ ಹಾಕಿ ಕೂತರೆ ಅಣ್ಣನಿಗೆ ನಡೆಯದೆಯೇ ಕಾಡು ಸಿಗುತ್ತದೆ. ಹಕ್ಕಿ ಬರುತ್ತದೆ, ಮೇಲಿನ ಕೊಂಬೆಯಲ್ಲಿ ಕೆಂದಳಿಲು ಹಣ್ಣು ಬಿಡಿಸುವ ಸದ್ದು ಕೇಳುತ್ತದೆ. ಅದೃಷ್ಟವಿದ್ದರೆ ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದು ಬಿಳಿ ಕೇಸರ, ಬಾಲದ ತುದಿಯಲ್ಲಿ ಸಿಂಹದ ಹಾಗೆ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಯಾವ ಕಾಡಿನಲ್ಲೂ ಅದಿಲ್ಲ. ಮರದಿಂದ ಮರಕ್ಕೇ ಓಡಾಡುವ ಪ್ರಾಣಿ, ನೆಲಕ್ಕಿಳಿಯುವುದು ಅಪರೂಪ. ಸಣ್ಣವಳು ಮಲಗಿದ ಹೊತ್ತಿನಲ್ಲಿ ನೀನೂ ಅಪ್ಪನ ಪಕ್ಕ ಕೂತುಕೋ. ನಿಮ್ಮಿಬ್ಬರಿಗೆ ಹಾಗೆ ಕೂರುವ ಹೊತ್ತು ಬೆಂಗಳೂರಿನಲ್ಲಿ ಸಿಗುವುದಿಲ್ಲ ಅಂತ ನನಗೆ ಗೊತ್ತು.

ಹನುಮನಗುಂಡಿಗೆ ಇಳಿಯಲು ತುಂಬಾ ಮೆಟ್ಟಿಲುಗಳಿವೆ, ಇಳಿದಷ್ಟನ್ನೂ ಹತ್ತಬೇಕು. ಅಣ್ಣ ಮೇಲೆಯೇ ಇರಲಿ. ಬಂಡೆ ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ.

ಇನ್ನು ಇಂಬಳದ ಮಾತು. ಡಿಸೆಂಬರಿನಲ್ಲಿ ಕಡಿಮೆಯಾದರೂ ಶೋಲೆಯ ತಂಪಿನಲ್ಲಿ, ಹಳ್ಳದ ದಂಡೆಯಲ್ಲಿ ಇದ್ದೇ ಇರುತ್ತವೆ. ದಾರದೆಳೆಯಷ್ಟು ಸಣ್ಣದು ತರಗೆಲೆಯ ಮೇಲೆ ನೆಟ್ಟಗೆ ನಿಂತು ತಲೆ ಆಡಿಸುತ್ತಿರುತ್ತದೆ. ಕಾಲು ತಾಗಿದ್ದೇ ತಡ, ಶೂ ಹತ್ತಿ, ಕಾಲುಚೀಲದ ಹೆಣಿಗೆಯ ಸಂದಿನಲ್ಲೂ ತೂರಿಕೊಳ್ಳುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಒದ್ದೆಯಾಯಿತಲ್ಲ ಅಂತ ನೋಡಿದರೆ ರಕ್ತ. ಮಕ್ಕಳು ಕಿರುಚಿಕೊಳ್ಳುವುದು ಆಗ. ನೀನು ಹೆದರಿದರೆ ಅವರು ಎರಡರಷ್ಟು ಹೆದರುತ್ತಾರೆ. ಎಳೆದು ಕೀಳಬೇಡ. ಬಾಯಿ ಕಚ್ಚಿದ ಬದಿಯಲ್ಲಿ ಉಗುರನ್ನು ಚರ್ಮಕ್ಕೆ ಒತ್ತಿ ಮೆಲ್ಲಗೆ ಜಾರಿಸಿದರೆ ಬಿಡುತ್ತದೆ. ನೀರಿನಲ್ಲಿ ತೊಳೆದು ಹತ್ತಿ ಒತ್ತಿ ಹಿಡಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿರುವುದರಿಂದ ಸ್ವಲ್ಪ ಹೊತ್ತು ಒಸರುತ್ತಲೇ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಅಣ್ಣನಿಗೆ ಹೃದಯದ ಡಾಕ್ಟರು ರಕ್ತ ತೆಳುವಾಗುವ ಮಾತ್ರೆ ಕೊಟ್ಟಿದ್ದಾರಲ್ಲ, ಅವರಿಗೆ ಕಚ್ಚಿದರೆ ಒಸರುವುದು ಇನ್ನೂ ಹೆಚ್ಚು. ಅವರ ಕಾಲಿಗೆ ನೀನೇ ಬೇವಿನ ಎಣ್ಣೆ ಸವರಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸು. ಬೇಡ ಅನ್ನುತ್ತಾರೆ, ಕೇಳಬೇಡ.

ಇಂಬಳಕ್ಕಿಂತ ನಾನು ಹೆದರುವುದು ಉಣುಗಿಗೆ. ಅದು ಹರಡುವ ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ಈಗ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಳ್ಳುತ್ತದೆ. ಮಳೆ ನಿಂತು ಒಣಹವೆ ಬಂದ ಮೇಲೆ ಅದರ ಕಾಲ. ನೀವು ಬರುವುದೂ ಆಗಲೇ. ತರಗೆಲೆಯ ಮೇಲೆ ಮಕ್ಕಳನ್ನು ಕೂರಿಸಬೇಡ, ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಅರಣ್ಯದವರಿಗೆ ತಿಳಿಸು. ಕಾಡಿನಿಂದ ಬಂದ ಕೂಡಲೇ ಬಿಸಿನೀರು, ಸೋಪು, ಬಟ್ಟೆಯೆಲ್ಲ ಬದಲು. ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ ಬೆರಳಾಡಿಸಿ ನೋಡು. ಊರಿಗೆ ಹೋಗಿ ಹತ್ತು ದಿನದೊಳಗೆ ಯಾರಿಗಾದರೂ ಜ್ವರ ಬಂದರೆ, ಮಲೆನಾಡಿನ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಮೊದಲು ಹೇಳು. ನೀನು ಹೇಳದಿದ್ದರೆ ಬೆಂಗಳೂರಿನಲ್ಲಿ ಅದು ಅವರಿಗೆ ಹೊಳೆಯದೇ ಹೋಗಬಹುದು.

ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರು, ಒಳಹೊಕ್ಕ ಹೊತ್ತು ಬರೆದು ಚೀಟಿ ಕೊಡುತ್ತಾರೆ. ಅದನ್ನು ಜೋಪಾನವಾಗಿಟ್ಟು ಆಚೆ ಗೇಟಿನಲ್ಲಿ ಕೊಡಬೇಕು. ಕಾಡಿನ ರಸ್ತೆಯಲ್ಲಿ ಕಂಡಕಂಡಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಮಗ ಎಷ್ಟೇ ಗೋಗರೆದರೂ ಮಂಗಗಳಿಗೆ ಚಿಪ್ಸ್ ಎಸೆಯಲು ಬಿಡಬೇಡ. ತಿಂಡಿಯ ರುಚಿ ಹತ್ತಿದ ಮಂಗ ರಸ್ತೆಗೇ ಬಂದು ಕೂರುತ್ತದೆ, ಇವತ್ತಲ್ಲ ನಾಳೆ ಯಾವುದೋ ಲಾರಿಯ ಚಕ್ರಕ್ಕೆ ಸಿಗುತ್ತದೆ.

ಈ ಕಟ್ಟುನಿಟ್ಟೆಲ್ಲ ಯಾಕೆ ಅಂತ ಅವನು ಕೇಳಿಯೇ ಕೇಳುತ್ತಾನೆ. ಆಗ ಕಂಪನಿ ಊರಿನ ಖಾಲಿ ಮನೆಗಳನ್ನು ತೋರಿಸಿ ಈ ಕತೆ ಹೇಳು. 1976ರಲ್ಲಿ ಇಲ್ಲಿ ಕಬ್ಬಿಣದ ಅದಿರಿನ ಕಂಪನಿ ಶುರುವಾಯಿತು. ಗುಡ್ಡ ಅಗೆದು, ಅದಿರನ್ನು ಪುಡಿ ಮಾಡಿ ನೀರಿಗೆ ಬೆರೆಸಿ, ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿನ ಪಣಂಬೂರಿಗೆ ಹರಿಸುತ್ತಿದ್ದರು. ಉಳಿದ ಕೆಸರನ್ನು ನಿಲ್ಲಿಸಲಿಕ್ಕೆ ಲಕ್ಯಾ ಅಣೆಕಟ್ಟು ಕಟ್ಟಿದರು. 1987ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾದ ಮೇಲೂ ಅಗೆತ ನಿಲ್ಲಲಿಲ್ಲ. ಜನ ಹೋರಾಡಿದರು, ಸುಪ್ರೀಂ ಕೋರ್ಟು ಹೇಳಿತು, 2005ರ ಕೊನೆಗೆ ಗಣಿ ನಿಂತಿತು. ಕೆಲಸ ಕಳೆದುಕೊಂಡವರ ಸಂಕಟವೂ ಸಣ್ಣದಾಗಿರಲಿಲ್ಲ, ಅದನ್ನೂ ಹೇಳು. ಆದರೆ ಇದೇ ಮಲೆಯಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುತ್ತಾರೆ. ಮಳೆಗಾಲದಲ್ಲಿ ಕುಡಿದ ನೀರನ್ನು ಈ ಹುಲ್ಲುಗಾವಲೂ ಶೋಲೆಯೂ, ಗಳುವಿನ ಮೇಲೆ ಹರವಿದ ಒದ್ದೆ ಕಂಬಳಿಯ ಹಾಗೆ, ತಿಂಗಳುಗಟ್ಟಲೆ ತೊಟ್ಟಿಕ್ಕಿಸುತ್ತಲೇ ಇರುತ್ತವೆ. ಜನವರಿಯಲ್ಲಿ ಹಳ್ಳ ಹರಿಯುವುದು ಅದರಿಂದ. ದಾರಿ ಬಿಟ್ಟು ಹುಲ್ಲಿನ ಮೇಲೆ ಹತ್ತಾರು ಜನ ನಡೆದರೆ ಅದೇ ಕಾಲುದಾರಿ ಮುಂದಿನ ಮಳೆಗೆ ಕೊರಕಲಾಗಿ ಮಣ್ಣೆಲ್ಲ ಹಳ್ಳ ಸೇರುತ್ತದೆ. ಒಂದೇ ಮಲೆಯ ಮೇಲೆ ಬಿದ್ದ ಮಳೆ, ನೇತ್ರಾವತಿಯ ಪಾಲಿನದು ಮಂಗಳೂರಿನಲ್ಲಿ ಅರಬ್ಬೀ ಸಮುದ್ರಕ್ಕೆ, ಭದ್ರೆಯ ಪಾಲಿನದು ಕೂಡಲಿಯಲ್ಲಿ ತುಂಗೆಯ ಕೈಹಿಡಿದು, ಕೃಷ್ಣೆಗೆ ಸೇರಿ, ಬಂಗಾಳ ಕೊಲ್ಲಿಗೆ. ಇದನ್ನು ಪುಸ್ತಕದಲ್ಲಿ ಓದಿಸುವ ಬದಲು ಗುಡ್ಡದ ಮೇಲೆ ನಿಲ್ಲಿಸಿ ಎರಡೂ ದಿಕ್ಕಿಗೆ ಕೈ ತೋರಿಸಿ ಹೇಳು.

ಫೋನು ಹೆಚ್ಚಿನ ಕಡೆ ಸತ್ತಿರುತ್ತದೆ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಚಿಲ್ಲರೆ ಸಮೇತ ನಗದು ಇರಲಿ, ಪೆಟ್ರೋಲನ್ನು ಕಳಸದಲ್ಲೇ ತುಂಬಿಸಿ. ಅಪ್ಪ ಅಮ್ಮನ ಮಾತ್ರೆಗಳು ಎರಡು ದಿನಕ್ಕೆ ಹೆಚ್ಚಾಗಿಯೇ ಇರಬೇಕು, ಡಾಕ್ಟರ ಚೀಟಿಯ ಜೊತೆಗೆ. ಕಳಸದಲ್ಲಿ ಸರ್ಕಾರಿ ಆಸ್ಪತ್ರೆಯಿದೆ, ಅದಕ್ಕೂ ಮೀರಿದ್ದಕ್ಕೆ ಘಾಟಿ ಇಳಿದು ಕಾರ್ಕಳಕ್ಕೋ ಮಣಿಪಾಲಕ್ಕೋ ಹೋಗಬೇಕು.

ತಾರೀಖು ಗಟ್ಟಿಯಾದ ಕೂಡಲೇ ನನಗೆ ತಿಳಿಸು. ಮುಳ್ಳೋಡಿಯ ಮನೆಯವರಿಗೆ ಊಟದ ಲೆಕ್ಕವನ್ನು ಮುಂಚೆಯೇ ಕೊಡಬೇಕು. ಅಕ್ಕಿ, ಬೇಳೆ, ತರಕಾರಿ ಎಲ್ಲವೂ ಕೆಳಗಿನಿಂದ ಅದೇ ಜೀಪಿನಲ್ಲಿ ಅಲ್ಲಿಗೆ ಹತ್ತಬೇಕು, ಹೇಳಿ ಹೋಗದಿದ್ದರೆ ಅವರಿಗೆ ಕಷ್ಟ. ಮೂರು ಜನಕ್ಕೆ ಅಂತ ಹೇಳುತ್ತೇನೆ, ಹುಡುಗನಿಗೆ ಖಾರ ಕಡಿಮೆ ಇರಲಿ ಅಂತಲೂ.